ಹೊಸ ಕಾರಿಗೆ ವಿಮೆ: ಶೋರೂಮಿನ ಕ್ವೊಟೇಶನ್‌ಗೆ ಒಪ್ಪುವ ಮೊದಲು

ಕಾರಿನ ಬಣ್ಣ, ವೇರಿಯೆಂಟ್, ಸಾಲದ ಕಂತು ಎಂದು ವಾರಗಟ್ಟಲೆ ಲೆಕ್ಕ ಹಾಕುವವರೂ ವಿಮೆಯ ವಿಷಯ ಬಂದಾಗ ಐದೇ ನಿಮಿಷದಲ್ಲಿ ‘ಆಯ್ತು, ಹಾಕಿ’ ಎಂದುಬಿಡುತ್ತಾರೆ. ಆನ್‌ರೋಡ್ ಬೆಲೆಯ ಚೀಟಿಯಲ್ಲಿ ಇನ್ಶೂರೆನ್ಸ್ ಎಂದು ಒಂದೇ ಸಾಲು, ಅದರ ಮುಂದೆ ಒಂದು ಮೊತ್ತ ಇರುತ್ತದೆ. ಆ ಸಾಲನ್ನು ಬಿಡಿಸಿ ಬರೆದುಕೊಡಿ ಎಂದು ಕೇಳುವುದೇ ಮೊದಲ ಕೆಲಸ. ಎರಡು ಕಂಪನಿಗಳ ಪ್ರೀಮಿಯಂ ಹೋಲಿಸುವ ಮುನ್ನ ಎರಡರಲ್ಲೂ ಐಡಿವಿ (ವಿಮೆಗಾಗಿ ಕಾರಿಗೆ ಕಟ್ಟುವ ಬೆಲೆ) ಒಂದೇ ಇದೆಯೇ, ಆ್ಯಡ್‌ಆನ್‌ಗಳು (ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳು) ಒಂದೇ ಇವೆಯೇ ನೋಡಬೇಕು. ಇವೆರಡು ಸಮ ಇಲ್ಲದೆ ‘ಇವರಲ್ಲಿ ಮೂರು ಸಾವಿರ ಕಡಿಮೆ’ ಎನ್ನುವ ಮಾತಿಗೆ ಅರ್ಥವೇ ಇಲ್ಲ.

ಬಿಡಿಸಿದಾಗ ಕಾಣುವುದು

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವು, ಗಾಯ, ಆಸ್ತಿ ನಷ್ಟಕ್ಕೆ ಇದು ಪರಿಹಾರ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ, ಜೊತೆಗೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಇದರ ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಸರ್ಕಾರ ಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ ಹೊಸ ಕಾರಿನ ಮೂರು ವರ್ಷದ ಮೊತ್ತ ಹೀಗಿದೆ: 1,000 ಸಿಸಿವರೆಗೆ 6,521 ರೂ., 1,000ದಿಂದ 1,500 ಸಿಸಿವರೆಗೆ 10,640 ರೂ., ಅದಕ್ಕೂ ಮೇಲೆ 24,596 ರೂ. ಎಲೆಕ್ಟ್ರಿಕ್ ಕಾರಿಗೆ ಮೋಟಾರಿನ ಕಿಲೋವ್ಯಾಟ್ ಲೆಕ್ಕ: 30ರವರೆಗೆ 5,543, 30ರಿಂದ 65ರವರೆಗೆ 9,044, ಅದರ ಮೇಲೆ 20,907 ರೂ. ಕೊಳ್ಳುವ ದಿನ ಜಾರಿಯಲ್ಲಿರುವ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಯಾವ ಕಂಪನಿಗೆ ಹೋದರೂ ಈ ಮೊತ್ತ ಬದಲಾಗದ ಕಾರಣ ಇಲ್ಲಿ ಚೌಕಾಸಿಗೆ ಜಾಗವಿಲ್ಲ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆಗುವ ನಷ್ಟ. ಅಪಘಾತ, ಕಳ್ಳತನ, ಬೆಂಕಿ, ನೆರೆ, ಮರ ಬೀಳುವುದು, ಗಲಭೆ ಎಲ್ಲ ಇದರಲ್ಲಿ ಬರುತ್ತದೆ. ಸಾಮಾನ್ಯವಾಗಿ ಇದು ಒಂದು ವರ್ಷದ್ದು. ಕಂಪನಿಯಿಂದ ಕಂಪನಿಗೆ ಬೆಲೆ ಬದಲಾಗುವುದು, ಡಿಸ್ಕೌಂಟ್ ಸಿಗುವುದು ಇಲ್ಲಿ ಮತ್ತು ಆ್ಯಡ್‌ಆನ್‌ಗಳಲ್ಲಿ. ಮೂರನೆಯದು ಮಾಲೀಕ-ಚಾಲಕರಿಗೆ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ. ಇದು ಕಡ್ಡಾಯವೇ, ಆದರೆ ಇಷ್ಟೇ ಅಥವಾ ಇದಕ್ಕಿಂತ ಹೆಚ್ಚಿನ ಮೊತ್ತದ ಅಪಘಾತ ವಿಮೆ ನಿಮಗೆ ಈಗಾಗಲೇ ಇದ್ದರೆ ಅದನ್ನು ಘೋಷಿಸಿ ಇದನ್ನು ಬಿಡಬಹುದು. ಮನೆಯಲ್ಲಿ ಇನ್ನೊಂದು ಕಾರೋ ಬೈಕೋ ಇದ್ದು, ಅದರ ಜೊತೆಗೆ ಈ ವಿಮೆ ನಿಮ್ಮ ಹೆಸರಿನಲ್ಲೇ ಇದ್ದರೆ ಮತ್ತೆ ಕಟ್ಟುವ ಅಗತ್ಯವಿಲ್ಲ. ಕೊನೆಗೆ ಒಟ್ಟು ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ.

ಇಲ್ಲೇ ಒಂದು ಎಚ್ಚರಿಕೆ. ಪಾಲಿಸಿಯಲ್ಲಿ ಎರಡು ಮುಕ್ತಾಯ ದಿನಾಂಕ ಇರುತ್ತವೆ. ‘ಮೂರು ವರ್ಷಕ್ಕೆ ಕಟ್ಟಿದ್ದೇನಲ್ಲ’ ಎಂದುಕೊಂಡು ಎರಡನೇ ವರ್ಷ ಸುಮ್ಮನಿದ್ದು, ಗುದ್ದಿದ ದಿನ ಓನ್ ಡ್ಯಾಮೇಜ್ ಮುಗಿದಿತ್ತೆಂದು ತಿಳಿಯುವವರು ಬಹಳ. ಕಾರು ಮನೆಗೆ ಬಂದ ದಿನವೇ ಒಂದು ವರ್ಷದ ಆ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿ. ಎರಡನೇ ವರ್ಷಕ್ಕೆ ಓನ್ ಡ್ಯಾಮೇಜ್ ಒಂದನ್ನೇ ಬೇರೆ ಕಂಪನಿಯಿಂದಲೂ ತೆಗೆದುಕೊಳ್ಳಬಹುದು.

ಹಳೇ ಕಾರಿಗೆ ‘ಬರೀ ಥರ್ಡ್ ಪಾರ್ಟಿ ಸಾಕು’ ಎನ್ನುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ನಿಮ್ಮದೇ ಕಾರಿನೊಳಗೆ ಕುಳಿತ ನೆಂಟರಿಗೆ, ಸ್ನೇಹಿತರಿಗೆ ಪರಿಹಾರ ಕೊಡುವುದಿಲ್ಲ. ಓನ್ ಡ್ಯಾಮೇಜ್ ಸೇರಿದ ಪ್ಯಾಕೇಜ್ ಪಾಲಿಸಿಯಲ್ಲಿ ಅವರಿಗೂ ರಕ್ಷಣೆ ಇದೆ. ಮದುವೆ, ಜಾತ್ರೆ ಎಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಕಾರಿಗೆ ಇದು ದೊಡ್ಡ ವ್ಯತ್ಯಾಸ.

ಐಡಿವಿ: ತಗ್ಗಿಸಿದರೆ ಕಳೆದುಕೊಳ್ಳುವುದು ನೀವೇ

ಕಾರು ಪೂರ್ತಿ ಜಖಂ ಆದರೆ ಅಥವಾ ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತವೇ ಐಡಿವಿ. ಹೊಸ ಕಾರಿಗೆ ಅದು ಎಕ್ಸ್‌ಶೋರೂಂ ಬೆಲೆಯ ಶೇ 95. ನೋಂದಣಿ ಶುಲ್ಕ, ರಸ್ತೆ ತೆರಿಗೆ ಇದರಲ್ಲಿ ಸೇರುವುದಿಲ್ಲ. ಆರು ತಿಂಗಳು ದಾಟಿದರೆ ಶೇ 15 ಸವಕಳಿ, ಒಂದು ವರ್ಷ ದಾಟಿದರೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕರಿಂದ ಐದು ವರ್ಷದವರೆಗೆ 50. ಐದು ವರ್ಷದ ನಂತರ ನೀವೂ ಕಂಪನಿಯೂ ಒಪ್ಪಿದ ಮೊತ್ತ.

ಲೆಕ್ಕ ಹೀಗೆ ನಡೆಯುತ್ತದೆ. 1,197 ಸಿಸಿಯ, ಎಕ್ಸ್‌ಶೋರೂಂ 9 ಲಕ್ಷದ ಕಾರು ಎಂದುಕೊಳ್ಳಿ. ಐಡಿವಿ 8,55,000. ಹಳೆಯ ಟ್ಯಾರಿಫ್ (ದರಪಟ್ಟಿ) ಪ್ರಕಾರ ಬೆಂಗಳೂರು ಎ ವಲಯ, ರಾಜ್ಯದ ಉಳಿದೆಲ್ಲ ಊರುಗಳು ಬಿ ವಲಯ. ಈ ಗಾತ್ರದ ಎಂಜಿನ್‌ಗೆ ಎ ವಲಯದ ಮೂಲ ದರ ಶೇ 3.283, ಬಿ ವಲಯದಲ್ಲಿ ಶೇ 3.191. ಬೆಂಗಳೂರಿನಲ್ಲಿ ನೋಂದಣಿಯಾದರೆ ಓನ್ ಡ್ಯಾಮೇಜ್ ಸುಮಾರು 28,070 ರೂ. ಆಗುತ್ತದೆ. ಕಂಪನಿಗಳು ಡಿಸ್ಕೌಂಟ್ ಕೊಡುವುದು ಈ ಮೊತ್ತದ ಮೇಲೆ. ಶೇ 60 ಕೊಟ್ಟರೆ 11,228 ರೂ.ಗೆ ಇಳಿಯುತ್ತದೆ. ಡಿಸ್ಕೌಂಟ್ ಎಷ್ಟೆಂದು ಕೇಳಿ ಬರೆದುಕೊಳ್ಳಿ, ಚೌಕಾಸಿಗೆ ನಿಮ್ಮ ಕೈಯಲ್ಲಿರುವ ಹಿಡಿ ಅದು.

ಪ್ರೀಮಿಯಂ ಕಡಿಮೆ ಕಾಣಲೆಂದು ಕೆಲವರು ಐಡಿವಿಯನ್ನೇ ತಗ್ಗಿಸಿ ತೋರಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಐಡಿವಿಯನ್ನು ಒಂದು ಲಕ್ಷ ಇಳಿಸಿದರೆ ಉಳಿಯುವುದು ಜಿಎಸ್‌ಟಿ ಸೇರಿ ಒಂದೂವರೆ ಸಾವಿರ ರೂ., ಕಾರು ಕಳುವಾದ ದಿನ ಕೈಬಿಡುವುದು ಒಂದು ಲಕ್ಷ. ಪೂರ್ತಿ ಜಖಂ ಎಂದರೆ ಕಾರು ಪುಡಿಪುಡಿ ಆಗಬೇಕೆಂದೂ ಇಲ್ಲ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಸಾಕು, ಕಂಪನಿ ಅದನ್ನು ಪೂರ್ತಿ ನಷ್ಟ ಎಂದು ಪರಿಗಣಿಸಬಹುದು.

ಝೀರೋ ಡೆಪ್ ಇಲ್ಲದಿದ್ದರೆ ಎಷ್ಟು ಕೈಬಿಡುತ್ತದೆ

ಮೂಲ ಪಾಲಿಸಿಯಲ್ಲಿ ಬದಲಾಯಿಸಿದ ಬಿಡಿಭಾಗಕ್ಕೆ ಸವಕಳಿ ಕಡಿಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಕಾರು ಹೊಸದಿದ್ದರೂ ಶೇ 50. ಫೈಬರ್ ಭಾಗಕ್ಕೆ ಶೇ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಮೊದಲ ಆರು ತಿಂಗಳು ಇಲ್ಲ, ಒಂದು ವರ್ಷದವರೆಗೆ ಶೇ 5, ಎರಡರವರೆಗೆ 10, ಮೂರರವರೆಗೆ 15, ಆಮೇಲೆ 25, 35 ಎಂದು ಏರುತ್ತದೆ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲುಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿಯುತ್ತಾರೆ.

ಎರಡೂವರೆ ವರ್ಷದ ಕಾರು ಮುಂದಿನ ಲಾರಿಗೆ ತಗುಲಿತು ಎನ್ನಿ. ತೆರಿಗೆ ಸೇರಿ ಬಂಪರ್ 14,000, ಪ್ಲಾಸ್ಟಿಕ್ ಹೆಡ್‌ಲೈಟ್ 18,000, ಲೋಹದ ಫೆಂಡರ್ 6,000, ಪೇಂಟಿಂಗ್ 12,000, ಟಿಂಕರಿಂಗ್ ಮತ್ತು ಲೇಬರ್ 8,000. ಒಟ್ಟು 58,000 ರೂ. ಬಂಪರ್‌ನಲ್ಲಿ 7,000, ಹೆಡ್‌ಲೈಟ್‌ನಲ್ಲಿ 9,000, ಫೆಂಡರ್‌ನಲ್ಲಿ 900, ಬಣ್ಣದಲ್ಲಿ 1,500 ಕಡಿತ. ಅದರ ಮೇಲೆ ಪ್ರತಿ ಕ್ಲೇಮ್‌ನಲ್ಲೂ ಕಟ್ಟಲೇಬೇಕಾದ ಕಡ್ಡಾಯ ಪಾಲು 1,000 (1,500 ಸಿಸಿ ದಾಟಿದ ಕಾರಿಗೆ 2,000). ನಿಮ್ಮ ಜೇಬಿನಿಂದ 19,400 ರೂ. ಹೋಯಿತು. ಈ ಸವಕಳಿ ಕಡಿತವನ್ನು ತಪ್ಪಿಸುವ, ಜನ ಬಂಪರ್ ಟು ಬಂಪರ್ ಎಂದು ಕರೆಯುವ ಝೀರೋ ಡೆಪ್ ಆ್ಯಡ್‌ಆನ್ ಇದ್ದಿದ್ದರೆ ಬರೀ 1,000. ಈಗಿನ ಕಾರುಗಳ ಮುಂಭಾಗ ಬಹುಪಾಲು ಪ್ಲಾಸ್ಟಿಕ್ಕೇ ಆದ್ದರಿಂದ ಮೊದಲ ಐದು ವರ್ಷ ಇದನ್ನು ಬಿಡಬೇಡಿ, ಅದರಲ್ಲೂ ಹೊಸದಾಗಿ ಓಡಿಸಲು ಕಲಿತವರು. ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಇದು ಅನ್ವಯ, ಕಾರಿಗೆ ಎಷ್ಟು ವರ್ಷ ಆಗುವವರೆಗೆ ಇದನ್ನು ಕೊಡುತ್ತೀರಿ? ವರ್ಷಕ್ಕೆ ಎರಡೇ ಕ್ಲೇಮ್ ಎನ್ನುವ ಪಾಲಿಸಿಗಳಿವೆ.

ಎಂಜಿನ್ ಪ್ರೊಟೆಕ್ಟ್: ನಮ್ಮ ರಸ್ತೆಗಳಿಗೆ ಬೇಕಾದದ್ದು

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತಮುತ್ತ ನೀರು ನುಗ್ಗಿ ನಿಲ್ಲಿಸಿದ್ದ ಎಷ್ಟೋ ಕಾರುಗಳು ಮುಳುಗಿದವು. ನೆರೆಯಿಂದಾದ ನಷ್ಟ ಮೂಲ ಪಾಲಿಸಿಯಲ್ಲೇ ಬರುತ್ತದೆ: ಸೀಟು, ವೈರಿಂಗ್, ಕಾರ್ಪೆಟ್ ಹಾಳಾದರೆ ಕ್ಲೇಮ್ ಸಿಗುತ್ತದೆ. ಸಮಸ್ಯೆ ಇರುವುದು ಎಂಜಿನ್‌ನಲ್ಲಿ. ನೀರು ಸಿಲಿಂಡರ್‌ಗೆ ಹೋಗಿರುವಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ನೀರನ್ನು ಒತ್ತಲು ನೋಡುತ್ತದೆ. ನೀರು ಗಾಳಿಯಂತೆ ಕುಗ್ಗದು, ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕ್ ಸೀಳುತ್ತದೆ. ಇದನ್ನು ಹೈಡ್ರೋಸ್ಟಾಟಿಕ್ ಲಾಕ್ ಎನ್ನುತ್ತಾರೆ. ಇದು ನೆರೆಯ ನೇರ ನಷ್ಟವಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಮೂಲ ಪಾಲಿಸಿಯಲ್ಲಿ ತಳ್ಳಿಹಾಕುತ್ತಾರೆ. ಎಂಜಿನ್ ಪ್ರೊಟೆಕ್ಟ್ ಇರುವುದು ಇದಕ್ಕಾಗಿಯೇ.

ಮಲೆನಾಡು, ಕರಾವಳಿಯ ಘಾಟಿ ರಸ್ತೆಗಳಲ್ಲಿ ಇದೇ ಆ್ಯಡ್‌ಆನ್‌ಗೆ ಇನ್ನೊಂದು ಕೆಲಸವಿದೆ. ಕಲ್ಲಿಗೋ ಎತ್ತರದ ಹಂಪ್‌ಗೋ ತಳ ತಾಗಿ ಆಯಿಲ್ ಸಂಪ್ ಬಿರುಕು ಬಿಡುತ್ತದೆ. ಆಯಿಲ್ ಸೋರಿ ಖಾಲಿಯಾದ ಮೇಲೂ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಎಂಜಿನ್ ಸೀಜ್. ಮೂಲ ಪಾಲಿಸಿ ಸಂಪ್‌ನ ಖರ್ಚು ಕೊಡುತ್ತದೆ, ಎಂಜಿನ್‌ನದ್ದಲ್ಲ.

ಆ್ಯಡ್‌ಆನ್ ಇದ್ದರೂ ಶರತ್ತು ಓದಿ. ನೀರು ನುಗ್ಗಿದ್ದು ಗೊತ್ತಿದ್ದೂ ಸ್ಟಾರ್ಟ್ ಮಾಡಿದರೆ ತಿರಸ್ಕರಿಸುವ ಅವಕಾಶವನ್ನು ಕಂಪನಿಗಳು ಇಟ್ಟುಕೊಂಡಿರುತ್ತವೆ. ಕಾರು ನೀರಿನಲ್ಲಿ ನಿಂತುಹೋದರೆ ಕೀ ಮುಟ್ಟಬೇಡಿ. ಫೋಟೊ, ವಿಡಿಯೊ ತೆಗೆದು, ಕಂಪನಿಗೆ ತಿಳಿಸಿ, ಟೋಯಿಂಗ್ ಮಾಡಿಸಿ. ಸಾಧ್ಯವಾದರೆ ಬ್ಯಾಟರಿ ಟರ್ಮಿನಲ್ ಬಿಚ್ಚಬಹುದು. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಬದಲು ಬ್ಯಾಟರಿ, ಮೋಟಾರ್, ಚಾರ್ಜರ್‌ಗೆ ಪ್ರತ್ಯೇಕ ಆ್ಯಡ್‌ಆನ್ ಬರುತ್ತದೆ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆದ್ದರಿಂದ ಅಲ್ಲಿ ಅದು ಮೊದಲ ಆಯ್ಕೆ. ಆದರೆ ಕೆಟ್ಟ ಎಲೆಕ್ಟ್ರಿಕ್ ಕಾರಿನ ಹೈವೋಲ್ಟೇಜ್ ತಂತಿಗೆ ನೀವು ಕೈ ಹಾಕಬೇಡಿ.

ರಿಟರ್ನ್ ಟು ಇನ್‌ವಾಯ್ಸ್ ಮತ್ತು ಕರ್ನಾಟಕದ ತೆರಿಗೆ

ಕಾರು ಕಳುವಾಗಿ ಸಿಗದಿದ್ದರೆ ಅಥವಾ ಪೂರ್ತಿ ಜಖಂ ಆದರೆ ಐಡಿವಿಗೂ ಇನ್‌ವಾಯ್ಸ್ ಬೆಲೆಗೂ ಇರುವ ಅಂತರವನ್ನು ತುಂಬುವ ಆ್ಯಡ್‌ಆನ್ ಇದು. ಸಾಮಾನ್ಯವಾಗಿ ಮೊದಲ ಮೂರು ವರ್ಷ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಇದರ ತೂಕ ಬೇರೆ. ಇಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17, 20 ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್. 9 ಲಕ್ಷದ ಕಾರಿಗೆ ತೆರಿಗೆಯೇ ಒಂದೂಕಾಲು ಲಕ್ಷ ಮೀರುತ್ತದೆ. ಎರಡನೇ ತಿಂಗಳಲ್ಲೇ ಕಾರು ಕಳುವಾದರೂ ಐಡಿವಿಯಲ್ಲಿ ಈ ಹಣ ವಾಪಸ್ ಬರುವುದಿಲ್ಲ. ಆದ್ದರಿಂದ ಈ ಆ್ಯಡ್‌ಆನ್ ಇನ್‌ವಾಯ್ಸ್ ಬೆಲೆಯನ್ನಷ್ಟೇ ಕೊಡುತ್ತದೆಯೇ, ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕವನ್ನೂ ಕೊಡುತ್ತದೆಯೇ ಎಂದು ಪಾಲಿಸಿ ಮಾತುಗಳಲ್ಲೇ ನೋಡಿ. ಎರಡೂ ಬಗೆಯವು ಇವೆ. ಸಾಲ ಮಾಡಿ ಕೊಂಡವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಉಳಿದದ್ದು ಮಾತ್ರ ನಿಮಗೆ.

ಉಳಿದ ಆ್ಯಡ್‌ಆನ್‌ಗಳು ಬೇಗ ಮುಗಿಯುವ ಮಾತು. ಎಂಜಿನ್ ಆಯಿಲ್, ಕೂಲಂಟ್, ಎಸಿ ಗ್ಯಾಸ್, ನಟ್ಟು ಬೋಲ್ಟಿಗೆ ಕನ್ಸ್ಯೂಮಬಲ್ಸ್ ಕವರ್, ಅಗ್ಗ, ಇರಲಿ. ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನು ಕಾರು ಕಂಪನಿಯೇ ಮೊದಲ ವರ್ಷಗಳಲ್ಲಿ ಕೊಡುತ್ತಿದ್ದರೆ ಎರಡು ಸಲ ಹಣ ಕೊಡಬೇಡಿ. ಸ್ಮಾರ್ಟ್ ಕೀ ಇರುವ ಕಾರಿಗೆ ಕೀ ಕವರ್ ಯೋಚಿಸಬಹುದು. ಸಂಬಳದ ಡ್ರೈವರ್ ಇಟ್ಟುಕೊಂಡವರು ಸುಮಾರು 50 ರೂ. ಕೊಟ್ಟು ಪೇಯ್ಡ್ ಡ್ರೈವರ್ ಹೊಣೆಯನ್ನು ಸೇರಿಸಲೇಬೇಕು. ಇಲಿ ಕಡಿದ ವೈರಿಂಗ್ ಬಗ್ಗೆ ಕಂಪನಿಗಳ ನಿಲುವು ಒಂದೇ ರೀತಿ ಇಲ್ಲ, ತೋಟದ ಮನೆಯವರು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಕಾರು ಹೆಚ್ಚು ಹೊರಗೆ ತೆಗೆಯದವರಿಗೆ 2022ರಿಂದ ಓಡಿದಷ್ಟಕ್ಕೆ ಪ್ರೀಮಿಯಂ ಎನ್ನುವ ಆಯ್ಕೆಯೂ ಇದೆ. ಒಪ್ಪಿದ ಕಿಲೋಮೀಟರ್ ಮೀರಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ತಪ್ಪದೆ ಕೇಳಿ.

ಹಳೇ ಕಾರಿನ ಎನ್‌ಸಿಬಿ ನಿಮ್ಮದು

ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ಎನ್‌ಸಿಬಿ (ನೋ ಕ್ಲೇಮ್ ಬೋನಸ್), ಕ್ರಮವಾಗಿ ಶೇ 20, 25, 35, 45, 50. ಇದು ಕಾರಿನದ್ದಲ್ಲ, ಮಾಲೀಕರದ್ದು. ಹಳೇ ಕಾರು ಮಾರಿ ಹೊಸದು ಕೊಳ್ಳುವವರು ಹಳೇ ವಿಮಾ ಕಂಪನಿಗೆ ಮಾರಾಟದ ದಾಖಲೆ ಕೊಟ್ಟು ಎನ್‌ಸಿಬಿ ಪತ್ರ ಪಡೆಯಬೇಕು. ಮೂರು ವರ್ಷದೊಳಗೆ ಅದನ್ನು ಹೊಸ ಕಾರಿಗೆ ಬಳಸಬಹುದು. ಮೇಲಿನ ಉದಾಹರಣೆಗೆ ಶೇ 50 ಅನ್ವಯಿಸಿದರೆ 5,614 ರೂ. ಮತ್ತು ಅದರ ಜಿಎಸ್‌ಟಿ, ಒಟ್ಟು 6,600 ರೂ. ಮೀರಿ ಉಳಿಯುತ್ತದೆ.

ಇದಕ್ಕೆ ತಿರುಗುಮುರುಗಾದ ಅಪಾಯವೂ ಇದೆ. ದರ ಇಳಿಸಲೆಂದು, ನಿಮ್ಮಲ್ಲಿ ಪತ್ರವೇ ಇಲ್ಲದಿದ್ದರೂ ಅರ್ಜಿಯಲ್ಲಿ ಎನ್‌ಸಿಬಿ ಇದೆ ಎಂದು ಯಾರೋ ಗುರುತು ಹಾಕಿಬಿಡುತ್ತಾರೆ. ಕ್ಲೇಮ್ ಬಂದಾಗ ಕಂಪನಿ ಹಳೇ ಕಂಪನಿಯಲ್ಲಿ ವಿಚಾರಿಸುತ್ತದೆ, ಸುಳ್ಳು ಘೋಷಣೆ ಎಂದು ಕ್ಲೇಮ್ ನಿಲ್ಲುತ್ತದೆ. ಪಾಲಿಸಿಯ ಎನ್‌ಸಿಬಿ ಸಾಲನ್ನು ನೀವೇ ನೋಡಿ. ನವೀಕರಣ 90 ದಿನ ತಡವಾದರೆ ಕೂಡಿಟ್ಟ ಎನ್‌ಸಿಬಿ ಪೂರ್ತಿ ಹೋಗುತ್ತದೆ.

ಡೀಲರ್‌ನಲ್ಲೋ, ಹೊರಗೋ

ವಿಮೆ ತಮ್ಮಲ್ಲೇ ಮಾಡಿಸಬೇಕೆಂದು ಡೀಲರ್ ಒತ್ತಾಯಿಸುವಂತಿಲ್ಲ. ಡೀಲರ್‌ಗಳ ವಿಮಾ ಮಾರಾಟಕ್ಕೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2017ರಲ್ಲೇ ನಿಯಮ ಮಾಡಿದೆ. ಆದರೂ ‘ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ ಆಗಲ್ಲ’ ಎನ್ನುವ ಮಾತು ಕೇಳಿಬರುತ್ತದೆ. ಕ್ಯಾಶ್‌ಲೆಸ್, ಅಂದರೆ ಕ್ಲೇಮ್ ಹಣವನ್ನು ಕಂಪನಿಯೇ ನೇರವಾಗಿ ವರ್ಕ್‌ಶಾಪ್‌ಗೆ ಕೊಡುವುದು, ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪ್‌ಗೂ ಒಪ್ಪಂದ ಇದ್ದರೆ. ಪಾಲಿಸಿ ಎಲ್ಲಿ ಕೊಂಡಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಊರಿಗೆ ಹತ್ತಿರದ ಅಧಿಕೃತ ವರ್ಕ್‌ಶಾಪ್‌ಗೆ ಫೋನ್ ಮಾಡಿ, ಯಾವ ಯಾವ ಕಂಪನಿಯ ಕ್ಯಾಶ್‌ಲೆಸ್ ಮಾಡುತ್ತೀರಿ ಎಂದು ಬಾಡಿಶಾಪ್ ವಿಭಾಗವನ್ನೇ ಕೇಳಿ. ತಾಲ್ಲೂಕು ಕೇಂದ್ರಗಳಲ್ಲಿ ಈ ಪಟ್ಟಿ ಚಿಕ್ಕದಿರುತ್ತದೆ, ಆಯ್ಕೆ ಅಲ್ಲೇ ಮುಗಿದುಬಿಡಬಹುದು.

ಮಾಡುವ ಕ್ರಮ ಇಷ್ಟು. ಡೀಲರ್ ಕ್ವೊಟೇಶನ್‌ನಲ್ಲಿ ಐಡಿವಿ, ಪ್ರತಿ ಆ್ಯಡ್‌ಆನ್ ಮತ್ತು ಅದರ ಬೆಲೆ, ಡಿಸ್ಕೌಂಟ್ ಬರೆಸಿಕೊಳ್ಳಿ. ಅದೇ ಐಡಿವಿ, ಅದೇ ಆ್ಯಡ್‌ಆನ್ ಇಟ್ಟು ಒಂದು ಸರ್ಕಾರಿ ಕಂಪನಿ (ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಇವುಗಳಲ್ಲೊಂದು) ಮತ್ತು ಎರಡು ಖಾಸಗಿ ಕಂಪನಿಗಳಿಂದ ದರ ತರಿಸಿ. ಅದನ್ನು ಡೀಲರ್ ಮುಂದಿಡಿ. ಎಷ್ಟೋ ಸಲ ಅಲ್ಲೇ ದರ ಇಳಿಯುತ್ತದೆ. ಹೊರಗೆ ಮಾಡಿಸುವುದಾದರೆ ಡೀಲರ್‌ನಿಂದ ಚಾಸಿ ನಂಬರ್, ಎಂಜಿನ್ ನಂಬರ್, ಇನ್‌ವಾಯ್ಸ್ ಬೇಕು. ಪಾಲಿಸಿ ಇಲ್ಲದೆ ನೋಂದಣಿ ಆಗದ ಕಾರಣ ಡೆಲಿವರಿಗೆ ಮೂರು ನಾಲ್ಕು ದಿನ ಮೊದಲೇ ಇದು ಮುಗಿದಿರಲಿ. ‘ವಿಮೆ ಹೊರಗಾದರೆ ಕಾರಿನ ಡಿಸ್ಕೌಂಟ್ ಕಡಿಮೆ’ ಎಂದರೆ ಎರಡನ್ನೂ ಕೂಡಿಸಿ ಒಟ್ಟು ಮೊತ್ತ ಹೋಲಿಸಿ.

ಕೀ ಪಡೆಯುವ ಮುನ್ನ

ಪಾಲಿಸಿ ಪ್ರತಿ ಕೈಗೆ ಬಂದಾಗ ಹೆಸರಿನ ಅಕ್ಷರ, ಚಾಸಿ ಮತ್ತು ಎಂಜಿನ್ ನಂಬರ್, ವೇರಿಯೆಂಟ್, ಸಿಸಿ, ಸಾಲ ಕೊಟ್ಟ ಬ್ಯಾಂಕಿನ ಹೆಸರು, ನಾಮಿನಿ, ಆ್ಯಡ್‌ಆನ್ ಪಟ್ಟಿ ಸರಿಯಿವೆಯೇ ಒಂದೊಂದಾಗಿ ನೋಡಿ. ಆರಂಭದ ದಿನಾಂಕದ ಜೊತೆ ಗಂಟೆಯೂ ಇರುತ್ತದೆ, ಅದಕ್ಕೆ ಮೊದಲು ಕಾರು ಹೊರಗೆ ತೆಗೆಯಬೇಡಿ. ನೋಂದಣಿ ಸಂಖ್ಯೆ ಬಂದ ಮೇಲೆ ಪಾಲಿಸಿಗೆ ಸೇರಿಸಿ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸಬೇಕು. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದಾಗ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟಾಗ, ಕುಡಿದು ಓಡಿಸಿದಾಗ ಆದ ನಷ್ಟಕ್ಕೆ ಕ್ಲೇಮ್ ಇಲ್ಲ. ಎರಡೂ ಕೀಗಳನ್ನು ಜೋಪಾನ ಮಾಡಿ. ಕಳ್ಳತನದ ಕ್ಲೇಮ್‌ಗೆ ಎಫ್‌ಐಆರ್, ಕಾರು ಪತ್ತೆಯಾಗಲಿಲ್ಲವೆಂಬ ಪೊಲೀಸರ ಸಿ ರಿಪೋರ್ಟ್ ಜೊತೆಗೆ ಎರಡೂ ಕೀ ಕೇಳುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾದರೂ ಓನ್ ಡ್ಯಾಮೇಜ್ ಆಗುವುದಿಲ್ಲ. ಹಳೇ ಮಾಲೀಕರ ಎನ್‌ಸಿಬಿ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮುನ್ನ ಮುಂದಿನ ವರ್ಷ ಕಳೆದುಕೊಳ್ಳುವ ಎನ್‌ಸಿಬಿಯನ್ನು ರಿಪೇರಿ ಬಿಲ್ಲಿನ ಪಕ್ಕ ಇಟ್ಟು ನೋಡಿ. ನಾಲ್ಕು ಸಾವಿರದ ಟಿಂಕರಿಂಗ್ ಅನ್ನು ಕೈಯಿಂದ ಕೊಡುವುದೇ ಲಾಭ ಆಗುವುದುಂಟು. ದೊಡ್ಡ ಕ್ಲೇಮ್‌ನಲ್ಲಿ ನಷ್ಟ ಅಳೆಯುವ ಸರ್ವೇಯರ್ ನೋಡುವವರೆಗೆ ಕಾರು ಬಿಚ್ಚಿಸಬೇಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮಾ ದೂರು ವಿಚಾರಿಸುವ ಅಧಿಕಾರಿ) ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.